ಮಳೆಗೂ ಉಪ್ಪುಗಾಳಿಗೂ ತಡೆಯುವ ಚಂದದ ಪಾರ್ಕಿಂಗ್ ಕಟ್ಟಡ: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಹಂಪನಕಟ್ಟೆಯ ಹಳೆ ಬಸ್ ಸ್ಟ್ಯಾಂಡ್ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಮಾಡುವ ಮಾತು ಎದ್ದಾಗಿನಿಂದ ಈ ವಿಷಯ ಊರಲ್ಲಿ ಎಲ್ಲರ ಬಾಯಲ್ಲೂ ಉಂಟು. ಕಟ್ಟಡದ ನಕ್ಷೆ ಹಾಕುವ ಕೆಲಸ ನನ್ನದು ಅಂತ ಗೊತ್ತಿರುವವರು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪ್‌ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಉತ್ತರ ಕೆಲವಕ್ಕೆ ಉದ್ದ, ಕೆಲವಕ್ಕೆ ಎರಡೇ ಸಾಲು.

ಗಾಡಿ ನಿಲ್ಲಿಸುವ ಕಟ್ಟಡಕ್ಕೆ ಚಂದ ಯಾಕೆ ಬೇಕು?

ಪೇಟೆ ಮಧ್ಯೆ ಐದಾರು ಮಹಡಿ ಎತ್ತರಕ್ಕೆ ನಿಲ್ಲುವ ಕಟ್ಟಡ ಅದು. ಗಾಡಿ ಇಲ್ಲದವರೂ ದಿನಾ ಅದರ ಪಕ್ಕದಲ್ಲೇ ನಡೆಯಬೇಕು. ಎದುರಿನ ಅಂಗಡಿಯವರು ಬೆಳಗ್ಗೆಯಿಂದ ರಾತ್ರಿವರೆಗೆ ಅದನ್ನೇ ನೋಡುತ್ತಾ ಕೂರಬೇಕು. ಒಮ್ಮೆ ಕಟ್ಟಿದರೆ ಐವತ್ತು ವರ್ಷ ಅಲ್ಲೇ ಇರುತ್ತದೆ.

ಆದರೆ ಚಂದ ಅಂದಕೂಡಲೇ ಎಲ್ಲ ಮುಗಿದ ಮೇಲೆ ಮುಂದಕ್ಕೆ ಬಣ್ಣದ ಎಸಿಪಿ ಶೀಟ್ (ಅಲ್ಯೂಮಿನಿಯಂ ಹೊದಿಕೆಯ ಹಲಗೆ) ಅಂಟಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ನಮ್ಮ ಕರಾವಳಿಯಲ್ಲಿ ಗಾಳಿಯನ್ನು ಒಳಗೆ ಬಿಟ್ಟು, ಮಳೆಯನ್ನು ಹೊರಗೇ ತಡೆದು, ಕಬ್ಬಿಣವನ್ನು ಉಪ್ಪಿನಿಂದ ಕಾಪಾಡಿ, ನೆಲ ಮಟ್ಟಸವಾಗಿ ಇಟ್ಟರೆ ಆ ಕಟ್ಟಡಕ್ಕೆ ಚಂದ ಅದರಿಂದಲೇ ಬರುತ್ತದೆ. ಪರಿಸರಕ್ಕೆ ಒಳ್ಳೆಯದೂ ಅದರಿಂದಲೇ ಆಗುತ್ತದೆ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಬೇಡಿ.

ಅಂಥ ಚಂದದ ಪಾರ್ಕಿಂಗ್ ಕಟ್ಟಡ ಎಲ್ಲಾದರೂ ಉಂಟಾ?

ಬೇಕಾದಷ್ಟು ಉಂಟು. ಶಿಕಾಗೋದ ಮರೀನಾ ಸಿಟಿ 1960ರ ದಶಕದ್ದು, ಬರ್ಟ್ರಂಡ್ ಗೋಲ್ಡ್‌ಬರ್ಗ್ ವಿನ್ಯಾಸ ಮಾಡಿದ್ದು. 2 ಗೋಪುರಗಳ ಕೆಳಗಿನ 19 ಮಹಡಿಯೂ ಸುತ್ತಿಕೊಂಡು ಹೋಗುವ ಪಾರ್ಕಿಂಗ್. ಹೊರಗೋಡೆಯೇ ಇಲ್ಲ, ಕಾರುಗಳ ಹಿಂಭಾಗ ನದಿ ಕಡೆಯಿಂದ ಹಾಗೇ ಕಾಣುತ್ತದೆ.

ಮಯಾಮಿ ಬೀಚ್‌ನ 1111 ಲಿಂಕನ್ ರೋಡ್ 2010ರಲ್ಲಿ ಆದದ್ದು, ಹೆರ್ಜಾಗ್ ಮತ್ತು ಡಿ ಮ್ಯೂರನ್ ಅವರದ್ದು. ಸುಮಾರು 300 ಕಾರಿಗೆ ಜಾಗ. ಅಲ್ಲೂ ಗೋಡೆ ಇಲ್ಲ. ಬರೀ ಕಾಂಕ್ರೀಟ್ ಸ್ಲ್ಯಾಬ್, ಓರೆ ಕಂಬ. ಕೆಲವು ಮಹಡಿಗಳನ್ನು ಬೇಕೆಂದೇ ಎರಡು ಮೂರು ಪಟ್ಟು ಎತ್ತರ ಮಾಡಿದ್ದಾರೆ, ಹಾಗಾಗಿ ಅಲ್ಲಿ ಮದುವೆ, ಪಾರ್ಟಿ ಕೂಡ ನಡೆಯುತ್ತದೆ. ಸಾಂಟಾ ಮೋನಿಕಾದ ಸಿವಿಕ್ ಸೆಂಟರ್ ಪಾರ್ಕಿಂಗ್ 2007ರದ್ದು. ಬಣ್ಣದ ಗಾಜಿನ ಪಟ್ಟಿಗಳು, ಮೇಲೆ ಸೋಲಾರ್ ಫಲಕ. ಕೋಪನ್‌ಹೇಗನ್‌ನಲ್ಲಿ 2016ರಲ್ಲಿ ಮುಗಿದ ಒಂದು ಪಾರ್ಕಿಂಗ್ ಕಟ್ಟಡದ ಮೇಲೆ, ನೆಲದಿಂದ 24 ಮೀಟರ್ ಎತ್ತರದಲ್ಲಿ, ಮಕ್ಕಳ ಆಟದ ಜಾಗ ಇದೆ. ಕೆಂಪು ಮೆಟ್ಟಿಲು ಹೊರಗಿನಿಂದಲೇ ಹತ್ತಿ ಹೋಗುತ್ತದೆ, ಗೋಡೆಯ ಚೌಕಟ್ಟುಗಳಲ್ಲಿ ಗಿಡ.

ನಮಗೆ ಎಲ್ಲಕ್ಕಿಂತ ಹತ್ತಿರದ್ದು ಅಂತ ನನಗೆ ಅನ್ನಿಸುವುದು ನೆದರ್‌ಲೆಂಡ್ಸ್‌ನ ಕಾಟ್ವೈಕ್. ಅದೂ ಸಮುದ್ರದ ಬದಿಯ ಊರು. ಕಡಲು ಒಳಗೆ ನುಗ್ಗದ ಹಾಗೆ ತಡೆಗೋಡೆ ಕಟ್ಟಬೇಕಾಗಿತ್ತು, ಪಾರ್ಕಿಂಗ್ ಕೂಡ ಬೇಕಾಗಿತ್ತು. ಎರಡನ್ನೂ ಒಟ್ಟಿಗೆ ಮಾಡಿ 663 ಕಾರುಗಳ ಪಾರ್ಕಿಂಗನ್ನು ಮರಳ ದಿಬ್ಬದ ಒಳಗೇ ಇಟ್ಟುಬಿಟ್ಟರು. ಮೇಲಿನಿಂದ ನೋಡಿದರೆ ಹುಲ್ಲು, ಮರಳು, ಕಾಲುದಾರಿ ಮಾತ್ರ.

ಹಾಗಾದರೆ ಮಯಾಮಿಯದ್ದನ್ನೇ ಇಲ್ಲಿ ಕಟ್ಟಬಹುದಲ್ವಾ? ಅದೂ ಕಡಲ ತೀರ, ಸೆಕೆಯ ಊರು.

ಸೆಕೆ ಒಂದೇ, ಮಳೆ ಬೇರೆ. ಮಯಾಮಿಯಲ್ಲಿ ವರ್ಷಕ್ಕೆ ಸುಮಾರು 1,500 ಮಿ.ಮೀ. ಮಳೆ. ಮಂಗಳೂರಿನಲ್ಲಿ 3,500 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅದೂ ನೆಟ್ಟಗೆ ಬೀಳುವುದಿಲ್ಲ. ಪಡುವಣ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಬರೀ ಸ್ಲ್ಯಾಬ್ ಬಿಟ್ಟರೆ ಹೊರಸಾಲಿನಲ್ಲಿ ನಿಲ್ಲಿಸಿದ ಗಾಡಿಗೆ ರಸ್ತೆಯಲ್ಲಿ ನಿಂತದ್ದಕ್ಕೂ ಇದಕ್ಕೂ ವ್ಯತ್ಯಾಸ ಇರುವುದಿಲ್ಲ.

ಇದನ್ನು ಕಾರಿನ ಕಣ್ಣಿನಿಂದ ನೋಡಬೇಡಿ, ಸ್ಕೂಟರಿನವರ ಕಣ್ಣಿನಿಂದ ನೋಡಿ. ಜುಲೈ ತಿಂಗಳ ಬೆಳಗ್ಗೆ ಒಬ್ಬರು ಸ್ಕೂಟರ್ ಒಳಗೆ ತರುತ್ತಾರೆ. ರೈನ್‌ಕೋಟಿನಿಂದ ನೀರು ಸುರಿಯುತ್ತಿದೆ. ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸುತ್ತಾರೆ, ಒಂದು ಕೈಯಲ್ಲಿ ಊಟದ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ರೈನ್‌ಕೋಟಿನ ಪ್ಯಾಂಟ್ ಬಿಚ್ಚಲು ಒಂಟಿ ಕಾಲಲ್ಲಿ ನಿಲ್ಲುತ್ತಾರೆ, ಒರಗಲು ಏನೂ ಇಲ್ಲ, ನೆಲ ಜಾರುತ್ತಿದೆ. ಅಲ್ಲಿ ಒಂದು ಒಣ ಕಟ್ಟೆ, ಗೋಡೆಯಲ್ಲಿ ನಾಲ್ಕು ಕೊಕ್ಕೆ, ನೀರು ಹರಿದು ಹೋಗಲು ಜಾಲರಿ ಮುಚ್ಚಿದ ಒಂದು ಚರಂಡಿ ಇಟ್ಟರೆ ಖರ್ಚು ಎಷ್ಟು? ಏನೂ ಇಲ್ಲ. ಆದರೂ ನಕ್ಷೆಯಲ್ಲಿ ಅದನ್ನು ಬರೆದವರನ್ನು ನಾನು ಕಂಡದ್ದು ತೀರಾ ಅಪರೂಪ.

ಹಾಗಾಗಿ ಇಲ್ಲಿ ಮಾಡಬೇಕಾದ್ದು ಇಷ್ಟು. ಪ್ರತಿ ಮಹಡಿಯ ಸ್ಲ್ಯಾಬ್ ಒಂದೂವರೆ ಎರಡು ಮೀಟರ್ ಹೊರಗೆ ಚಾಚಲಿ. ಅದರ ಅಂಚಿನಿಂದ ಓರೆ ಹಲಗೆಗಳೋ ತೂತು ತೂತಿನ ಜಾಲಿಯೋ ಇಳಿಯಲಿ. ಗಾಳಿ ನುಗ್ಗಬೇಕು, ಹನಿ ಮಾತ್ರ ಅಲ್ಲೇ ತಡೆದು ಕೆಳಗೆ ಇಳಿಯಬೇಕು. ನಮ್ಮ ಹಳೆ ಮನೆಗಳ ಜಗಲಿಗೆ ಮಳೆಗಾಲ ಶುರುವಾಗುವ ಮೊದಲು ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಅದೇ ಕೆಲಸ. ಪಡುವಣ ಬದಿಗೆ ದಟ್ಟ, ಮೂಡಣ ಬದಿಗೆ ತೆಳು. ನಾಲ್ಕೂ ಬದಿ ಒಂದೇ ಥರ ಮಾಡುವ ಅಗತ್ಯ ಇಲ್ಲ, ಮಾಡದಿದ್ದರೆ ಕಟ್ಟಡಕ್ಕೆ ಮುಖ, ಬೆನ್ನು ಅಂತ ಬರುತ್ತದೆ.

ಪೂರ್ತಿ ಮುಚ್ಚಿ ಫ್ಯಾನ್ ಹಾಕಿದರೆ ಆಗದಾ?

ಆಗುತ್ತದೆ. ಕಟ್ಟಡ ಇರುವಷ್ಟು ಕಾಲ ಕರೆಂಟ್ ಬಿಲ್ ಕಟ್ಟುತ್ತಿರಬೇಕು, ಹೊಗೆ ಹೊರಗೆ ಎಳೆಯುವ ಫ್ಯಾನ್, ಡಕ್ಟ್ ಎಲ್ಲ ರಿಪೇರಿ ಮಾಡುತ್ತಿರಬೇಕು. ಹಗಲಲ್ಲೂ ಲೈಟ್ ಬೇಕು. ಅಮೆರಿಕದ ಕಟ್ಟಡ ನಿಯಮದಲ್ಲಿ ಪ್ರತಿ ಮಹಡಿಯ ಹೊರಗೋಡೆಯ ಕನಿಷ್ಠ 20 ಶೇಕಡಾ ತೆರೆದಿದ್ದರೆ, ಆ ತೆರೆದ ಭಾಗ ಒಂದೇ ಕಡೆ ಗುಂಪಾಗದೆ ಹಂಚಿಕೊಂಡಿದ್ದರೆ, ಅದನ್ನು ತೆರೆದ ಪಾರ್ಕಿಂಗ್ ಅಂತ ಎಣಿಸುತ್ತಾರೆ, ಯಂತ್ರದ ಗಾಳಿ ಬೇಕಾಗುವುದಿಲ್ಲ. ಕಡಲ ಗಾಳಿ ಪುಕ್ಕಟೆ ಸಿಗುವ ಊರಲ್ಲಿ ಅದಕ್ಕಿಂತ ಜಾಸ್ತಿಯೇ ತೆರೆಯಬಹುದು.

ಕೆಂಪು ಕಲ್ಲು, ಹೆಂಚು ಎಲ್ಲ ಇಷ್ಟು ದೊಡ್ಡ ಕಟ್ಟಡಕ್ಕೆ ಹೊಂದುತ್ತದಾ?

ಭಾರ ಹೊರುವುದು ಕಾಂಕ್ರೀಟ್ ಕಂಬವೇ, ಅದರಲ್ಲಿ ಅನುಮಾನ ಬೇಡ. ಕೆಂಪು ಕಲ್ಲನ್ನು ನೆಲ ಮಹಡಿಯ ಗೋಡೆಗೆ, ಮೆಟ್ಟಿಲಿನ ಗೋಪುರಕ್ಕೆ, ಜನ ಕೈ ಮುಟ್ಟುವ ಜಾಗಕ್ಕೆ ಬಳಸಿ. ಮೇಲಿನ ಮಹಡಿಗಳಿಗೆ ಸುಟ್ಟ ಮಣ್ಣಿನ ಜಾಲಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಎಲ್ಲೆಲ್ಲಿಗೋ ಹೋಯಿತು. ಅದೇ ಮಣ್ಣಿನ ಕೆಲಸ ನಮ್ಮ ಪೇಟೆಯ ಹೊಸ ಕಟ್ಟಡದಲ್ಲಿ ಕಾಣದೇ ಹೋದರೆ ಬೇಸರ ಆಗುತ್ತದೆ.

ಇದು ಬರೀ ಅಭಿಮಾನದ ಮಾತಲ್ಲ. ಇಲ್ಲಿ ಬಿಳಿ ಬಣ್ಣ ಬಳಿದ ಗೋಡೆ ಎರಡು ಮಳೆಗಾಲದಲ್ಲಿ ಕಪ್ಪಾಗುತ್ತದೆ, ಮೇಲಿನಿಂದ ಕೆಳಗೆ ಹಾವಸೆಯ ಗೆರೆ ಬೀಳುತ್ತದೆ. ಮತ್ತೆ ಉಜ್ಜಬೇಕು, ಮತ್ತೆ ಬಣ್ಣ ಬಳಿಯಬೇಕು. ಕೆಂಪು ಕಲ್ಲು, ಸುಟ್ಟ ಮಣ್ಣು ಕೂಡ ಬಣ್ಣ ಬದಲಿಸುತ್ತದೆ, ಆದರೆ ಕಲೆ ಅನ್ನಿಸುವುದಿಲ್ಲ. ಹತ್ತು ವರ್ಷಕ್ಕೆ ಎಷ್ಟು ಡಬ್ಬ ಪೇಂಟ್ ಉಳಿಯಿತು ಅಂತ ಲೆಕ್ಕ ಹಾಕಿ ನೋಡಿ.

ಬೇಸ್‌ಮೆಂಟ್ ಮಾಡಿದರೆ ಕಣ್ಣಿಗೇ ಕಾಣುವುದಿಲ್ಲವಲ್ಲ, ಅದೇ ಒಳ್ಳೆಯದಲ್ವಾ?

ಈ ಪ್ರಶ್ನೆ ಜಾಸ್ತಿ ಬರುತ್ತದೆ. ಕಾಟ್ವೈಕ್ ಹೊಗಳಿ ಈಗ ಇಲ್ಲಿ ಬೇಡ ಅನ್ನುತ್ತೇನೆ ಅಂತ ಅಂದುಕೊಳ್ಳಬೇಡಿ. ಅಲ್ಲಿ ಮರಳ ದಿಬ್ಬ, ಇಲ್ಲಿ ಶೇಡಿ ಮಣ್ಣು.

ನಮ್ಮ ಗುಡ್ಡಗಳನ್ನು ಅಗೆದರೆ ಮೇಲೆ ಗಟ್ಟಿ ಮುರಕಲ್ಲು, ಅಂದರೆ ಅದೇ ಕೆಂಪು ಕಲ್ಲು ಸಿಗುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು, ಅದೇ ಶೇಡಿ. ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಗುದ್ದಲಿ ಏಟಿಗೂ ಜಗ್ಗುವುದಿಲ್ಲ. ನೀರು ಕುಡಿದ ಮೇಲೆ ಅದರ ಬಲವೇ ಹೋಗುತ್ತದೆ. ಏಪ್ರಿಲ್‌ನಲ್ಲಿ ಕಡಿದ ಬದಿ ಜೂನ್‌ನ ಮೊದಲ ದೊಡ್ಡ ಮಳೆಗೆ ಕುಸಿಯುವುದು ಇದೇ ಕಾರಣಕ್ಕೆ. ಆಳ ಅಗೆದ ಹೊಂಡದ ಪಕ್ಕದ ಮನೆ, ರಸ್ತೆ ಎಲ್ಲದಕ್ಕೂ ಅಪಾಯ. ಅಗೆಯುವುದೇ ಆದರೆ ಮೊದಲು ಬದಿಗೆ ಆಧಾರ ಕೊಡಬೇಕು, ಮಳೆಗಾಲಕ್ಕೆ ಮೊದಲು ನೆಲದ ಮಟ್ಟಕ್ಕೆ ಬಂದು ಮುಟ್ಟುವ ಹಾಗೆ ಕೆಲಸದ ತಿಂಗಳು ಎಣಿಸಿಕೊಂಡೇ ಶುರು ಮಾಡಬೇಕು.

ಎರಡನೆಯದು ಬಾವಿಯ ನೀರು. ಮಳೆಗಾಲದಲ್ಲಿ ನಮ್ಮ ಬಾವಿಗಳಲ್ಲಿ ನೀರು ಕೈಗೆ ಎಟಕುವ ಹಾಗೆ ಬರುತ್ತದಲ್ಲ, ಬೇಸ್‌ಮೆಂಟ್ ಸುತ್ತಲೂ ಅದೇ ನೀರು ನಿಂತಿರುತ್ತದೆ. ಒಂದು ಮೀಟರ್ ನೀರು ಅಂದರೆ ಪ್ರತಿ ಚದರ ಮೀಟರ್‌ಗೆ ಒಂದು ಟನ್ ಒತ್ತಡ. ನೆಲ ನಾಲ್ಕು ಮೀಟರ್ ನೀರಿನಲ್ಲಿ ಮುಳುಗಿದ್ದರೆ ಕೆಳಗಿನಿಂದ ಪ್ರತಿ ಚದರ ಮೀಟರ್‌ಗೆ ನಾಲ್ಕು ಟನ್ ಮೇಲಕ್ಕೆ ತಳ್ಳುತ್ತಿರುತ್ತದೆ. ಅದನ್ನು ತಡೆಯಲು ದಪ್ಪ ಕಾಂಕ್ರೀಟ್, ಜಾಸ್ತಿ ಕಬ್ಬಿಣ. ಆಮೇಲೆ ಹಗಲು ರಾತ್ರಿ ಪಂಪ್. ಪಂಪ್ ಕೆಟ್ಟ ರಾತ್ರಿ ದೊಡ್ಡ ಮಳೆ ಬಂದರೆ ಒಳಗಿರುವ ಕಾರುಗಳ ಗತಿ ಹೇಳಬೇಕಾಗಿಲ್ಲ.

ಜಾಗದ ಲೆಕ್ಕವೂ ಅದರ ಪರ ಇಲ್ಲ. ದೆಹಲಿಯ ಮಾಸ್ಟರ್ ಪ್ಲಾನ್‌ನಲ್ಲಿ ಒಂದು ಕಾರಿಗೆ ತೆರೆದ ಜಾಗದಲ್ಲಿ 23 ಚದರ ಮೀಟರ್, ಸ್ಟಿಲ್ಟ್‌ನಲ್ಲಿ (ಕಟ್ಟಡದ ಕೆಳಗೆ ಕಂಬಗಳ ನಡುವಿನ ತೆರೆದ ನೆಲದಲ್ಲಿ) 28, ಬೇಸ್‌ಮೆಂಟ್‌ನಲ್ಲಿ 32 ಅಂತ ಹಿಡಿದಿದ್ದಾರೆ. ಕೆಳಗೆ ಹೋದಷ್ಟೂ ಒಂದೊಂದು ಕಾರಿಗೆ ಜಾಸ್ತಿ ಕಟ್ಟಬೇಕು.

ನಮ್ಮದು ಗುಡ್ಡದ ಊರು. ಅದು ತೊಂದರೆಯಾ, ಲಾಭವಾ?

ಲಾಭ! ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಒಂದು ಮಹಡಿಯಿಂದ ಇನ್ನೊಂದಕ್ಕೆ 3 ಮೀಟರ್ ಏರಬೇಕು ಅಂತ ಇಟ್ಟುಕೊಳ್ಳಿ. 10 ಮೀಟರ್ ಹೋದರೆ 1 ಮೀಟರ್ ಏರುವ ಇಳಿಜಾರು ಇಟ್ಟರೆ ರ‍್ಯಾಂಪ್ 30 ಮೀಟರ್ ಉದ್ದ ಬೇಕು. ಅಷ್ಟು ಜಾಗದಲ್ಲಿ ಒಂದು ಗಾಡಿಯೂ ನಿಲ್ಲುವುದಿಲ್ಲ, ಆದರೂ ಅಷ್ಟು ಕಾಂಕ್ರೀಟ್ ಸುರಿಯಲೇಬೇಕು.

ಈಗ ಕದ್ರಿ, ಬೆಂದೂರು, ಲೈಟ್ ಹೌಸ್ ಹಿಲ್ ಕಡೆ ನೆನಪು ಮಾಡಿಕೊಳ್ಳಿ. ಒಂದೇ ಜಾಗಕ್ಕೆ ಕೆಳಗೊಂದು ರಸ್ತೆ, ಮೇಲೊಂದು ರಸ್ತೆ ಇರುವ ಕಡೆಗಳು ಎಷ್ಟಿಲ್ಲ! ಕೆಳಗಿನ ರಸ್ತೆಯಿಂದ ಒಂದನೇ ಮಹಡಿಗೆ ನೇರ ಪ್ರವೇಶ, ಮೇಲಿನ ರಸ್ತೆಯಿಂದ ಮೂರನೆಯದಕ್ಕೆ ನೇರ ಪ್ರವೇಶ. ಅರ್ಧ ರ‍್ಯಾಂಪ್ ಕಟ್ಟುವ ಖರ್ಚು ಉಳಿಯಿತು. ಗೇಟಿನಲ್ಲಿ ಸಾಲು ನಿಲ್ಲುವುದೂ ಎರಡು ಕಡೆ ಹಂಚಿಹೋಯಿತು. ನಡೆಯುವವರಿಗೆ ಕಟ್ಟಡದ ಲಿಫ್ಟ್, ಮೆಟ್ಟಿಲುಗಳೇ ಎರಡು ರಸ್ತೆಗಳ ನಡುವಿನ ದಾರಿ. ಗುಡ್ಡ ಕಡಿದು ಸಪಾಟು ಮಾಡಿ ಆಮೇಲೆ ಕಟ್ಟುವುದು ಇದಕ್ಕೆ ಪೂರ್ತಿ ವಿರುದ್ಧದ ಕೆಲಸ, ಶೇಡಿ ಮಣ್ಣಿನ ತೊಂದರೆಯನ್ನೂ ಕೈಯಾರೆ ಕರೆದ ಹಾಗೆ.

ಕಡಲ ಬದಿಯಲ್ಲಿ ಕಾಂಕ್ರೀಟ್ ಬೇಗ ಹಾಳಾಗುತ್ತದೆ ಅನ್ನುತ್ತಾರೆ, ಹೌದಾ?

ಹೌದು, ಮತ್ತು ಪಾರ್ಕಿಂಗ್ ಕಟ್ಟಡ ತೆರೆದೇ ಇರುವುದರಿಂದ ಇಲ್ಲಿ ಇದು ಎಲ್ಲಕ್ಕಿಂತ ಮುಖ್ಯ.

ಕಡಲಿಗೆ ಹತ್ತಿರದ ಯಾವುದಾದರೂ ಹಳೆ ಕಟ್ಟಡದ ಸ್ಟಿಲ್ಟ್‌ಗೆ ಹೋಗಿ ಕಂಬದ ಬುಡ ನೋಡಿ. ಮೊದಲು ಕೂದಲೆಳೆಯಷ್ಟು ಸಪೂರದ ಉದ್ದ ಬಿರುಕು, ಕಂಬದ ಮೂಲೆಗೆ ಸಮಾನಾಂತರವಾಗಿ. ಬಿರುಕಿನಿಂದ ಕಂದು ಬಣ್ಣದ ನೀರು ಇಳಿದ ಗುರುತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಇನ್ನೂ ಸ್ವಲ್ಪ ವರ್ಷ ಕಳೆದರೆ ಮೂಲೆಯ ಕಾಂಕ್ರೀಟ್ ಹೋಳು ಹೋಳಾಗಿ ಬಿದ್ದು ಒಳಗಿನ ಸರಳು ಪದರ ಪದರ ಎದ್ದು ಕಾಣುತ್ತದೆ. ನಡೆಯುವುದು ಏನು ಅಂದರೆ, ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಿಂದ ಒಳಗೆ ಇಳಿದು ಸರಳಿನ ಮೇಲಿನ ರಕ್ಷಣೆಯ ಪದರ ಕೆಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ.

ಇದಕ್ಕೆ ಉತ್ತರ ಕಾಂಕ್ರೀಟ್ ಕೆಲಸಕ್ಕೆ ಇರುವ ನಮ್ಮ ಭಾರತೀಯ ಮಾನದಂಡ ಐಎಸ್ 456ರಲ್ಲೇ ಉಂಟು. ಕರಾವಳಿ ವಾತಾವರಣಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್ (ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ), ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ. ಕಡಲ ನೀರು ಸಿಡಿಯುವ ಜಾಗಕ್ಕೆ ಎಂ35, 50 ಮಿ.ಮೀ. ಅಷ್ಟೇ ಸಾಕು, ಆದರೆ ಸೈಟಿನಲ್ಲಿ ಅದು ನಿಜವಾಗಿ ಆಗಬೇಕು. ಆ ಅಂತರ ಉಳಿಸಲು ಸರಳಿಗೆ ಕೊಡುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟು, ಕಾಂಕ್ರೀಟಿಗೆ ಹೆಚ್ಚು ನೀರು ಸುರಿದು, ಎರಡು ದಿನ ಮಾತ್ರ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಮಾಡಿದರೆ ಪುಸ್ತಕದಲ್ಲಿ ಏನು ಬರೆದಿದ್ದರೂ ಪ್ರಯೋಜನ ಇಲ್ಲ. ನೂರು ವರ್ಷ ಬಾಳುವ ಕಟ್ಟಡಕ್ಕಿಂತ ಪರಿಸರ ಸ್ನೇಹಿ ಕಟ್ಟಡ ಬೇರೆ ಇಲ್ಲ, ಅದು ಶುರುವಾಗುವುದು ಆ ಕವರ್ ಬ್ಲಾಕಿನಿಂದ.

ಹೊರಗಿನ ಅಲಂಕಾರದ ಲೋಹಕ್ಕೂ ಇದೇ ಎಚ್ಚರ. ತುಕ್ಕಿನ ಬಣ್ಣದ ಕಾರ್ಟೆನ್ ಉಕ್ಕು ಈಗ ಫ್ಯಾಷನ್ ಆಗಿದೆ, ಕಡಲ ಬದಿಗೆ ಅದು ಬೇಡ. ಉಪ್ಪಿರುವಲ್ಲಿ ಅದರ ತುಕ್ಕು ನಿಲ್ಲುವುದೇ ಇಲ್ಲ. ಅನೋಡೈಸ್ ಮಾಡಿದ, ಅಂದರೆ ಮೇಲೆ ಗಟ್ಟಿ ರಕ್ಷಣೆಯ ಪದರ ಬರಿಸಿದ ಅಲ್ಯೂಮಿನಿಯಂ ಆಗಬಹುದು, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಅದರದ್ದೇ ಮಡಚಿದ ಫಲಕಗಳಿಂದ ಒಂದು ಇಡೀ ಪಾರ್ಕಿಂಗ್ ಕಟ್ಟಡ ಹೊದಿಸಿದ್ದಾರೆ. ಸ್ಟೇನ್‌ಲೆಸ್ ಉಕ್ಕಿನ ಬಲೆ ಹಾಕುವುದಾದರೆ 304 ದರ್ಜೆಯದ್ದು ಬೇಡ, ಉಪ್ಪನ್ನು ಹೆಚ್ಚು ತಡೆಯುವ 316 ಹಾಕಿ.

ಇಷ್ಟೊಂದು ಸಿಮೆಂಟ್ ಸುರಿದು ಪರಿಸರ ಸ್ನೇಹಿ ಅನ್ನುವುದು ಸರಿಯಾ?

ನ್ಯಾಯವಾದ ಪ್ರಶ್ನೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು 8 ಶೇಕಡಾ ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಮೇಲೆ ನಾಲ್ಕು ಸೋಲಾರ್ ಫಲಕ ಇಟ್ಟ ಮಾತ್ರಕ್ಕೆ ಆ ಲೆಕ್ಕ ಅಳಿಸುವುದಿಲ್ಲ.

ಕಡಿಮೆ ಮಾಡಬಹುದು. ಸಿಮೆಂಟಿನ ಒಂದು ಪಾಲಿನ ಬದಲು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಪುಡಿ, ಇಲ್ಲವೇ ಕಲ್ಲಿದ್ದಲು ಸ್ಥಾವರದ ಹಾರುಬೂದಿ ಸೇರಿಸಬಹುದು. ಹಾರುಬೂದಿಗೆ ನಾವು ದೂರ ಹೋಗಬೇಕಾಗಿಲ್ಲ, ಪಡುಬಿದ್ರಿ ಹತ್ತಿರದ ಎಲ್ಲೂರಿನಲ್ಲೇ ಉಷ್ಣ ವಿದ್ಯುತ್ ಸ್ಥಾವರ ಇದೆ. ಇವನ್ನು ಸೇರಿಸಿದ ಕಾಂಕ್ರೀಟ್ ಹೆಚ್ಚು ದಟ್ಟ, ಉಪ್ಪು ಒಳಗೆ ಇಳಿಯುವುದೂ ನಿಧಾನ, ಅಂದರೆ ನಮ್ಮ ಊರಿಗೆ ಎರಡು ಲಾಭ. ಒಂದೇ ಮಾತು, ಇದು ಗಟ್ಟಿಯಾಗಲು ಸಮಯ ಜಾಸ್ತಿ ತೆಗೆದುಕೊಳ್ಳುತ್ತದೆ, ಕ್ಯೂರಿಂಗಿಗೆ ಅವಸರ ಮಾಡಬಾರದು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಬೇಡದ ಮಹಡಿ ಕಟ್ಟದಿರುವುದರಲ್ಲಿ ಉಂಟು. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಅಷ್ಟರಲ್ಲಿ ಐದಾರು ಸ್ಕೂಟರ್ ನಿಲ್ಲುತ್ತವೆ. ದ್ವಿಚಕ್ರಕ್ಕೆ ಕತ್ತಲ ಮೂಲೆ ಕೊಟ್ಟು ಇಡೀ ಕಟ್ಟಡ ಕಾರಿಗೆ ಮಾಡುವುದು ಅನ್ಯಾಯವೂ ಹೌದು, ದುಬಾರಿಯೂ ಹೌದು. ನೆಲಮಹಡಿಯ ಒಳ್ಳೆ ಜಾಗ ಸ್ಕೂಟರಿನವರಿಗೆ ಕೊಡಿ.

ಮುಂದೆ ಕಾರು ಕಡಿಮೆಯಾದರೆ ಆ ಕಟ್ಟಡ ಏನು ಮಾಡುವುದು?

ಅದನ್ನು ಈಗಲೇ ಯೋಚಿಸಬೇಕು. ಗಾಡಿ ನಿಲ್ಲುವ ನೆಲವೇ ಇಳಿಜಾರಾಗಿದ್ದರೆ, ಮಹಡಿಯ ಎತ್ತರ ತಲೆ ತಾಗುವಷ್ಟೇ ಇದ್ದರೆ, ಅದು ಪಾರ್ಕಿಂಗ್ ಬಿಟ್ಟು ಬೇರೆ ಏನೂ ಆಗಲಾರದು. ಒಡೆಯಬೇಕಷ್ಟೇ. ಅದಕ್ಕೇ ನೆಲ ಮಟ್ಟಸ ಇರಲಿ, ನೀರು ಹರಿಯಲು ಬೇಕಾದ ಸಣ್ಣ ಇಳಿಜಾರು ಮಾತ್ರ ಸಾಕು. ರ‍್ಯಾಂಪ್ ಒಂದು ಬದಿಗೆ ಪ್ರತ್ಯೇಕ ಇರಲಿ, ಬೇಡವಾದಾಗ ಅದೊಂದನ್ನೇ ತೆಗೆಯುವ ಹಾಗೆ. ಮಹಡಿಯಿಂದ ಮಹಡಿಗೆ ಮೂರೂವರೆ ಮೀಟರ್ ಆದರೂ ಇರಲಿ.

ಭಾರದ ಲೆಕ್ಕ ಕೂಡ ಮೊದಲೇ ಮಾಡಿಸಬೇಕು. ಕಟ್ಟಡದ ಭಾರಕ್ಕೆ ಇರುವ ನಮ್ಮ ಮಾನದಂಡ ಐಎಸ್ 875 ಸಣ್ಣ ಗಾಡಿಗಳ ಪಾರ್ಕಿಂಗ್ ನೆಲಕ್ಕೆ ಚದರ ಮೀಟರ್‌ಗೆ 2.5 ಕಿಲೋನ್ಯೂಟನ್ (ಸುಮಾರು 250 ಕಿಲೋ ಭಾರ) ಸಾಕು ಅನ್ನುತ್ತದೆ. ಜನ ಸೇರುವ ಸಭಾಂಗಣಕ್ಕೆ ಅದು ಸಾಲದು, ಅದರ ಎರಡು ಪಟ್ಟು ಬೇಕಾಗುತ್ತದೆ. ಎಲ್ಲ ಮಹಡಿಗೂ ಬೇಡ, ಕೆಳಗಿನ ಒಂದೆರಡಕ್ಕಾದರೂ ಜಾಸ್ತಿ ಭಾರ ಹಿಡಿದು ಕಟ್ಟಿದರೆ ಮುಂದೆ ಮಾರುಕಟ್ಟೆ, ಲೈಬ್ರರಿ, ಕಚೇರಿ ಏನು ಬೇಕಾದರೂ ಆಗಬಹುದು. ಕಾಯುವುದೂ ಬೇಡ. ಭಾನುವಾರ ಪೇಟೆ ಖಾಲಿ ಇರುವಾಗ ಮೇಲಿನ ಮಹಡಿಯಲ್ಲಿ ಮಕ್ಕಳು ಶಟಲ್ ಆಡಲಿ, ಜಾಸ್ತಿ ಭಾರಕ್ಕೆ ಕಟ್ಟಿದ ಕೆಳಗಿನ ಮಹಡಿಯಲ್ಲಿ ಯಕ್ಷಗಾನ ಆಗಲಿ.

ಕಾರನ್ನು ಯಂತ್ರವೇ ಎತ್ತಿ ಇಡುವ ಪಾರ್ಕಿಂಗ್ ಹೇಗೆ?

ಜಾಗ ತೀರಾ ಕಡಿಮೆ ಇರುವಲ್ಲಿ ಒಳ್ಳೆಯದು. ರ‍್ಯಾಂಪ್ ಬೇಡ, ಗಾಡಿಯ ಹೊಗೆಯೂ ಕಮ್ಮಿ. ಆದರೆ ಚೈನು, ಮೋಟಾರು, ಹಲಗೆ ಎಲ್ಲವೂ ಉಕ್ಕು, ಅದಕ್ಕೆ ಉಪ್ಪುಗಾಳಿ ಬಿಡದೆ ತಾಗುತ್ತದೆ. ಕರೆಂಟ್ ಹೋದಾಗ ಜನರೇಟರ್ ಬೇಕು. ಸಂಜೆ ಎಲ್ಲರೂ ಒಟ್ಟಿಗೆ ಹೊರಟಾಗ ಸರದಿ ಕಾಯಬೇಕು. ನಿರ್ವಹಣೆಗೆ ವರ್ಷ ವರ್ಷ ದುಡ್ಡು ಇಡುವ ಧೈರ್ಯ ಇದ್ದರೆ ಮಾತ್ರ.

ಮಳೆನೀರು ಎಷ್ಟು ಹಿಡಿಯಬಹುದು?

ಲೆಕ್ಕ ಸುಲಭ. 1,000 ಚದರ ಮೀಟರ್ ತಾರಸಿ, 3,500 ಮಿ.ಮೀ. ಮಳೆ. ಒಟ್ಟು 35 ಲಕ್ಷ ಲೀಟರ್. ಆವಿಯಾಗಿ, ಮೊದಲ ಮಳೆಯ ಕೊಳೆ ನೀರು ಬಿಟ್ಟು, 80 ಶೇಕಡಾ ಸಿಕ್ಕಿದರೂ 28 ಲಕ್ಷ ಲೀಟರ್. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಬಜೆ ಅಣೆಕಟ್ಟಿನಿಂದ ನೀರು ಬರುವುದು. 2019ರ ಬೇಸಿಗೆಯಲ್ಲಿ ಎರಡೂ ಕಡೆ ನೀರು ಸರದಿಯಲ್ಲಿ ಬಿಟ್ಟದ್ದು ಮರೆತಿಲ್ಲ ಅಲ್ವಾ?

ಅಷ್ಟೂ ನೀರು ತುಂಬಿಡುವ ಟ್ಯಾಂಕ್ ಕಟ್ಟಲಾಗದು. ಒಂದೆರಡು ಲಕ್ಷ ಲೀಟರ್ ಸಂಪಿನಲ್ಲಿ ಇಟ್ಟು ಶೌಚಾಲಯಕ್ಕೆ, ನೆಲ ತೊಳೆಯಲು, ಗಿಡಕ್ಕೆ, ಬೆಂಕಿ ಆರಿಸಲು ಬಳಸಿ. ಉಳಿದದ್ದನ್ನು ಇಂಗುಬಾವಿಗೆ ಬಿಡಿ, ಆದರೆ ಶೇಡಿ ಮಣ್ಣಿನ ಬದಿಯ ಹತ್ತಿರ ಇಂಗಿಸಬಾರದು, ಅದಕ್ಕೆ ಮಣ್ಣು ನೋಡಿದವರನ್ನೇ ಕೇಳಿ. ತಾರಸಿಯ ನೀರು ಮತ್ತು ಗಾಡಿ ನಿಲ್ಲುವ ನೆಲದ ನೀರು ಯಾವತ್ತೂ ಸೇರಬಾರದು. ಎರಡನೆಯದರಲ್ಲಿ ಆಯಿಲ್, ಟಯರಿನ ಪುಡಿ ಇರುತ್ತದೆ. ಅದನ್ನು ಎಣ್ಣೆ ಬೇರ್ಪಡಿಸುವ ತೊಟ್ಟಿಯಿಂದ ಹಾಯಿಸದೆ ಬಿಟ್ಟರೆ ಹತ್ತಿರದ ಬಾವಿ ಕೆಡುತ್ತದೆ.

ಸೋಲಾರ್ ಹಾಕಿದರೆ ಕಟ್ಟಡದ ಖರ್ಚು ನಡೆಯುತ್ತದಾ?

ತೆರೆದ ಕಟ್ಟಡವಾದರೆ ಬೇಕಾಗುವ ಕರೆಂಟೇ ಕಮ್ಮಿ. ಒಂದು ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ, ಮಳೆಗಾಲದಲ್ಲಿ ತುಂಬಾ ಇಳಿಯುತ್ತದೆ. ಫಲಕಗಳನ್ನು ಮೇಲಿನ ಮಹಡಿಗೆ ಮಾಡಿನ ಹಾಗೆ ಹಾಕಿದರೆ ನೆರಳೂ ಆಯಿತು, ಮಳೆಗೆ ತಡೆಯೂ ಆಯಿತು. ಲೈಟ್ ಎಲ್ಲ ಎಲ್‌ಇಡಿ, ಜನ ಬಂದಾಗ ಪ್ರಕಾಶ ಏರುವ ಸೆನ್ಸರ್ ಇರಲಿ, ಆದರೆ ಯಾರೂ ಇಲ್ಲದಾಗಲೂ ಪೂರ್ತಿ ಕತ್ತಲೆ ಬೇಡ.

ಬಳ್ಳಿ ಹಬ್ಬಿಸಿದರೆ ಹಸಿರು ಕಟ್ಟಡ ಆಗುತ್ತದಲ್ಲ?

ಕುಂಡದ ಗಿಡ ನಾಲ್ಕನೇ ಮಹಡಿಯಲ್ಲಿ ಇಟ್ಟರೆ ಮಾರ್ಚ್‌ಗೆ ಒಣಗುತ್ತದೆ, ನೀರು ಹಾಕುವವರು ಯಾರು? ನೆಲದ ಮಣ್ಣಲ್ಲೇ ನೆಟ್ಟು ತಂತಿಯ ಮೇಲೆ ಹಬ್ಬಿಸಿ. ಬಿಸಿಲಿನ ಬದಿಗೆ ಬೋಗನ್‌ವಿಲ್ಲಾ, ಶಂಖಪುಷ್ಪ, ನೆರಳಿನ ಬದಿಗೆ ಕರಿಮೆಣಸು. ಸುತ್ತ ಇರುವ ದೊಡ್ಡ ಮರ ಕಡಿದು ಗೋಡೆಗೆ ಬಳ್ಳಿ ಹಬ್ಬಿಸುವ ಯೋಜನೆ ಬಂದರೆ ದಯವಿಟ್ಟು ವಿರೋಧಿಸಿ.

ಇಲೆಕ್ಟ್ರಿಕ್ ಗಾಡಿ, ಬೆಂಕಿಯ ಭಯ?

ಕೇಂದ್ರದ ಮಾದರಿ ಕಟ್ಟಡ ನಿಯಮಕ್ಕೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಪಾರ್ಕಿಂಗ್‌ನ 20 ಶೇಕಡಾ ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂತ ಹೇಳಿದ್ದಾರೆ. ಕೇಬಲ್ ಹೋಗುವ ಪೈಪ್ ಮಾತ್ರ ಈಗಲೇ ಎಲ್ಲ ಸಾಲಿಗೂ ಹಾಕಿಡಿ, ಆಮೇಲೆ ಸ್ಲ್ಯಾಬ್ ಕೊರೆಯುವುದು ತಪ್ಪುತ್ತದೆ.

ಬೆಂಕಿಯ ಮಾತು ಗಂಭೀರ. ಲಿವರ್‌ಪೂಲ್‌ನಲ್ಲಿ 2017ರ ಡಿಸೆಂಬರ್ 31ರ ಸಂಜೆ ಒಂದು ಬಹುಮಹಡಿ ಪಾರ್ಕಿಂಗ್ ಹೊತ್ತಿ ಸಾವಿರಕ್ಕೂ ಹೆಚ್ಚು ಕಾರು ಸುಟ್ಟುಹೋದವು. 2023ರ ಅಕ್ಟೋಬರ್‌ನಲ್ಲಿ ಲೂಟನ್ ವಿಮಾನ ನಿಲ್ದಾಣದ ಪಾರ್ಕಿಂಗ್ ಕಟ್ಟಡಕ್ಕೂ ಅದೇ ಗತಿ. ಎರಡರಲ್ಲೂ ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ತೆರೆದ ಕಟ್ಟಡ, ಹೊಗೆ ಹೊರಗೆ ಹೋಗುತ್ತದೆ, ಹಾಗಾಗಿ ಬೇಡ ಅನ್ನುವ ವಾದ ಇಲ್ಲೂ ಬರುತ್ತದೆ. ಒಪ್ಪಬೇಡಿ. ಬೆಂಕಿ ಗಾಳಿಯ ಜೊತೆ ಒಂದು ಕಾರಿನಿಂದ ಇನ್ನೊಂದಕ್ಕೆ ಓಡುತ್ತದೆ.

ಹೆಂಗಸರು, ವಯಸ್ಸಾದವರು ಹೆದರದೆ ಬರುವ ಹಾಗೆ ಮಾಡುವುದು ಹೇಗೆ?

ಮೆಟ್ಟಿಲನ್ನು ಕಟ್ಟಡದ ಹಿಂದಿನ ಮೂಲೆಯಲ್ಲಿ ಮುಚ್ಚಿಡಬೇಡಿ. ರಸ್ತೆ ಬದಿಗೆ ತನ್ನಿ, ಹೊರಗಿನವರಿಗೆ ಕಾಣುವ ಹಾಗೆ. ರಾತ್ರಿ ಅದೇ ಬೆಳಗುವ ಮೆಟ್ಟಿಲು ಕಟ್ಟಡದ ಅಂದವೂ ಆಗುತ್ತದೆ. ಒಳಗಿನ ಚಾವಣಿಗೆ ತಿಳಿ ಬಣ್ಣ ಬಳಿಯಿರಿ, ಕಂಬದ ಹಿಂದೆ ಕತ್ತಲು ನಿಲ್ಲುವುದಿಲ್ಲ. ನೆಲಮಹಡಿಯ ರಸ್ತೆ ಬದಿಯಲ್ಲಿ ಹೂವಿನವರು, ಜ್ಯೂಸ್ ಅಂಗಡಿಯವರು ಇದ್ದರೆ ಸಿಸಿಟಿವಿಗಿಂತ ಅವರ ಕಣ್ಣೇ ಹೆಚ್ಚು ಧೈರ್ಯ ಕೊಡುತ್ತದೆ. ಗಾಲಿಕುರ್ಚಿಯವರಿಗೆ 3.6 ಮೀಟರ್ ಅಗಲದ ಜಾಗ ಲಿಫ್ಟ್ ಪಕ್ಕದಲ್ಲೇ ಇರಬೇಕು. ರ‍್ಯಾಂಪ್ ಮೇಲೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ನುಣ್ಣಗೆ ಪಾಲಿಶ್ ಮಾಡದೆ ಅಡ್ಡ ಗೆರೆ ಎಳೆದು ಒರಟಾಗಿ ಬಿಡಿ.

ಉಡುಪಿ ರಥಬೀದಿ ಹತ್ತಿರ ಬಹುಮಹಡಿ ಪಾರ್ಕಿಂಗ್ ಬೇಕಲ್ವಾ?

ಹತ್ತಿರ ಬೇಡ, ನಡೆಯುವಷ್ಟು ದೂರದಲ್ಲಿ ಬೇಕು. ಅಷ್ಟಮಠಗಳು, ರಥ, ದೇವಸ್ಥಾನ ಇರುವ ಬೀದಿಯ ಎತ್ತರಕ್ಕೆ ಮೀರಿದ ಕಟ್ಟಡ ಅಲ್ಲಿ ಎದ್ದರೆ ಬೀದಿಯೇ ಹಾಳು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಬರುವ ಜನಸಾಗರಕ್ಕೆ ಅಂತ ಲೆಕ್ಕ ಹಾಕಿ ಕಟ್ಟಿದರೆ ಉಳಿದ ದಿನ ಮಹಡಿಗಳು ಖಾಲಿ ಹೊಡೆಯುತ್ತವೆ. ಮಾಮೂಲಿ ಶನಿವಾರ, ಭಾನುವಾರದ ಲೆಕ್ಕ ಹಿಡಿಯಿರಿ, ಪರ್ಯಾಯಕ್ಕೆ ಊರ ಹೊರಗಿನ ಮೈದಾನಗಳಲ್ಲಿ ನಿಲ್ಲಿಸಿ ಬಸ್ ಬಿಡಿ. ಕಟ್ಟಡದಿಂದ ಮಠದವರೆಗೆ ನೆರಳಿರುವ, ಮಳೆಯಲ್ಲಿ ಚಪ್ಪಲಿ ಜಾರದ ಕಾಲುದಾರಿ ಇಲ್ಲದಿದ್ದರೆ ಮಾತ್ರ ಯಾರೂ ಅಲ್ಲಿ ನಿಲ್ಲಿಸುವುದಿಲ್ಲ ಮಾರಾಯ್ರೆ.

ಪಾರ್ಕಿಂಗ್ ಕಟ್ಟಿದರೆ ಟ್ರಾಫಿಕ್ ಕಮ್ಮಿ ಆಗುತ್ತದಾ?

ಕಟ್ಟಿದ ಮಾತ್ರಕ್ಕೆ ಆಗುವುದಿಲ್ಲ. ರಸ್ತೆ ಬದಿ ಪುಕ್ಕಟೆ, ಕಟ್ಟಡದೊಳಗೆ ದುಡ್ಡು ಅಂತಾದರೆ ಕಟ್ಟಡ ಖಾಲಿ, ರಸ್ತೆ ತುಂಬಿರುತ್ತದೆ. ಕಟ್ಟಡ ತೆರೆದ ದಿನವೇ ಸುತ್ತಲಿನ ರಸ್ತೆ ಬದಿ ಪಾರ್ಕಿಂಗ್ ತೆಗೆದು ಆ ಜಾಗವನ್ನು ಫುಟ್‌ಪಾತ್‌ಗೆ, ಬಸ್ ನಿಲ್ಲಲು ಕೊಡಬೇಕು. ನಮ್ಮದು ಐದು ನಿಮಿಷಕ್ಕೊಂದು ಸಿಟಿ ಬಸ್ ಓಡುವ ಊರು, ಆ ಬಲ ಕಳೆದುಕೊಳ್ಳಬಾರದು.

ನಮ್ಮ ವಾರ್ಡಿನಲ್ಲಿ ಇಂಥ ಯೋಜನೆ ಬಂದರೆ ನಾವು ಏನು ಕೇಳಬೇಕು?

ಬಣ್ಣದ ಚಿತ್ರ ತೋರಿಸಿದರೆ ಅದನ್ನು ಬದಿಗಿಟ್ಟು ಸೆಕ್ಷನ್ ನಕ್ಷೆ ಕೇಳಿ, ಅಂದರೆ ಕಟ್ಟಡವನ್ನು ನಡುವೆ ಸೀಳಿ ತೋರಿಸುವ ಚಿತ್ರ. ಅದರಲ್ಲಿ ಮಹಡಿಯ ಎತ್ತರ, ಸ್ಲ್ಯಾಬ್ ಎಷ್ಟು ಹೊರಗೆ ಚಾಚಿದೆ, ನೆಲ ಮಟ್ಟಸ ಉಂಟಾ, ಎಷ್ಟು ಆಳ ಅಗೆಯುತ್ತಾರೆ ಎಲ್ಲ ಗೊತ್ತಾಗುತ್ತದೆ. ಮಣ್ಣು ಪರೀಕ್ಷೆ ಮಳೆಗಾಲದ ನೀರಿನ ಮಟ್ಟ ನೋಡಿ ಮಾಡಿದ್ದಾ ಅಂತ ಕೇಳಿ. ದ್ವಿಚಕ್ರಕ್ಕೆ ಎಷ್ಟು, ಯಾವ ಮಹಡಿಯಲ್ಲಿ ಅಂತ ಕೇಳಿ. ಹಸಿರು ಕಟ್ಟಡ ಅಂತ ಕೊಡುವ ಐಜಿಬಿಸಿ, ‘ಗೃಹ’, ಪಾರ್ಕಿಂಗಿಗೆಂದೇ ಇರುವ ಪಾರ್ಕ್‌ಸ್ಮಾರ್ಟ್ ಹೀಗೆ ಸರ್ಟಿಫಿಕೇಟುಗಳು ಇವೆ, ಸಿಕ್ಕಿದರೆ ಒಳ್ಳೆಯದೇ, ಆದರೆ ಮಳೆ ನೀರು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ನಕ್ಷೆಯಲ್ಲೇ ಬೆರಳಿಟ್ಟು ತೋರಿಸುವವರೆಗೆ ಬಿಡಬೇಡಿ. ಕೊನೆಗೆ, ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು, ಅದಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಎತ್ತಿಟ್ಟಿದ್ದಾರೆ ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.